ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಪ್ರೀಮಿಯಂ ನೋಡುವ ಮೊದಲು ಔಷಧಿ ಪಟ್ಟಿ ನೋಡಿ

ಎರಡು ವರ್ಷದ ಹಿಂದೆ ತಂದ ಪ್ಯಾಂಟು ಮಗನಿಗೆ ಇನ್ನೂ ಅಳತೆಗೆ ಸರಿಯಾಗಿತ್ತು. ಒಳ್ಳೆ ಬಾಳಿಕೆ ಬಂತು ಅಂತ ಖುಷಿಪಟ್ಟಿದ್ದೆ. ನಾಲ್ಕು ದಾಟಿದ ಮಕ್ಕಳು ವರ್ಷಕ್ಕೆ ಹೆಚ್ಚುಕಡಿಮೆ 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಾರೆ. ಇವನು 3 ಕೂಡ ಬೆಳೆದಿರಲಿಲ್ಲ.

ಡಾಕ್ಟರು ಎಡಗೈಯ ಎಕ್ಸ್‌ರೇ ತೆಗೆಸಿದರು. ಹುಡುಗನಿಗೆ 7 ವರ್ಷ, ಮೂಳೆ ಮಾತ್ರ 5 ವರ್ಷದ ಮಗುವಿನಷ್ಟೇ ಬೆಳೆದಿತ್ತು. ಬೆರಳಿನ ಮೂಳೆಗಳ ಬುಡದಲ್ಲಿ ಕೂದಲೆಳೆಯಂಥ ಕಪ್ಪು ಗೆರೆಗಳಿದ್ದವು, ಮೂಳೆ ಉದ್ದ ಬೆಳೆಯುವುದು ಅಲ್ಲೇ. ಡಾಕ್ಟರು ಅದನ್ನೇ ಪೆನ್ನಿನ ತುದಿಯಲ್ಲಿ ತೋರಿಸಿ, "ಈ ಸಂದಿ ಮುಚ್ಚುವ ತನಕ ಮಾತ್ರ ನಮಗೆ ಟೈಮು. ಆಮೇಲೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಎತ್ತರ ಬರಲ್ಲ" ಅಂದರು. ರಕ್ತ ಪರೀಕ್ಷೆ, ಹಾರ್ಮೋನು ಕೆರಳಿಸಿ ನೋಡುವ ಪರೀಕ್ಷೆ, ಮೆದುಳಿನ ಬುಡದಲ್ಲಿದ್ದು ಬೆಳವಣಿಗೆ ಹಾರ್ಮೋನು ತಯಾರಿಸುವ ಪಿಟ್ಯೂಟರಿ ಗ್ರಂಥಿಯ ಎಂಆರ್‌ಐ ಸ್ಕ್ಯಾನ್ ಎಲ್ಲ ಆದ ಮೇಲೆ ಬೆಳವಣಿಗೆ ಹಾರ್ಮೋನಿನ ಕೊರತೆ ಅಂತ ಗೊತ್ತಾಯಿತು.

ಆ ಹಾರ್ಮೋನನ್ನೇ ಇಂಜೆಕ್ಷನ್ ಮೂಲಕ ಕೊಡಬೇಕು ಅಂದಾಗ ನಮ್ಮಮ್ಮ ಹೆದರಿದರು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಹಿಂದೆ ಈ ಹಾರ್ಮೋನನ್ನು ಸತ್ತವರ ಪಿಟ್ಯೂಟರಿಯಿಂದ ತೆಗೆಯುತ್ತಿದ್ದರು, ಅದರಿಂದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ಬಂತು. 1985ರಲ್ಲಿ ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಅದು ನಿಂತು, ಲ್ಯಾಬಿನಲ್ಲಿ ತಯಾರಿಸಿದ ಹಾರ್ಮೋನು ಬಂತು. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಸಮಾಧಾನವಾಯಿತು.

ನನ್ನ ನಿದ್ದೆ ಕೆಡಿಸಿದ್ದು ಇನ್ಶೂರೆನ್ಸ್. ಪ್ರೀಮಿಯಂ ಕಮ್ಮಿ ಇರುವ ಪ್ಲಾನ್ ನೋಡಿ ತೆಗೆದುಕೊಂಡಿದ್ದೆವು. ಯಾವ ಔಷಧಿಗೆ ಹಣ ಕೊಡುತ್ತಾರೆ ಅನ್ನುವ ಔಷಧಿ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ. ಹಾರ್ಮೋನು ಪಟ್ಟಿಯಲ್ಲಿ ಇತ್ತು, ಆದರೆ ಅತಿ ದುಬಾರಿ ಔಷಧಿಗಳ ಸಾಲಿನಲ್ಲಿ. ಅಂದರೆ ನಮ್ಮ ಪಾಲೂ ಜಾಸ್ತಿ, ಮೊದಲೇ ಇನ್ಶೂರೆನ್ಸ್‌ನವರ ಅಪ್ರೂವಲ್ ಕೂಡ ಬೇಕು. ಅದು ಸಿಕ್ಕಿತು. ಮರುವರ್ಷ ಪಟ್ಟಿಯೇ ಬದಲಾಯಿತು. ನಮ್ಮ ಬ್ರ್ಯಾಂಡ್ ಹೋಗಿ ಬೇರೆ ಬ್ರ್ಯಾಂಡ್ ಬಂತು. ಔಷಧಿ ಅದೇ ಅಲ್ವಾ ಅಂತ ಫೋನಿನಲ್ಲಿ ಹೇಳಿದರು. ಆದರೆ ಒಂದರ ಕಾರ್ಟ್ರಿಡ್ಜ್, ಅಂದರೆ ಔಷಧಿ ತುಂಬಿದ ಕೊಳವೆ, ಇನ್ನೊಂದರ ಇಂಜೆಕ್ಷನ್ ಪೆನ್ನಿಗೆ ಕೂರುವುದಿಲ್ಲ. ಹೊಸ ಚೀಟಿ, ಹೊಸ ಅಪ್ರೂವಲ್, ಹೊಸ ಪೆನ್ನು ಹಿಡಿಯೋದನ್ನು ಮತ್ತೆ ಕಲಿಯಬೇಕು. ಫ್ರಿಜ್ಜಿನಲ್ಲಿದ್ದ ಕೊನೆಯ ಕಾರ್ಟ್ರಿಡ್ಜ್ ಖಾಲಿಯಾದ ರಾತ್ರಿ ಮಗ ಎಂದಿನಂತೆ ಚಡ್ಡಿ ಮೇಲಕ್ಕೆತ್ತಿ, "ಇವತ್ತು ಬಲ ತೊಡೆ" ಅಂತ ನನ್ನ ಮುಂದೆ ಬಂದು ಕೂತ. ಇಲ್ಲ ಮರಿ, ಇವತ್ತು ಇಲ್ಲ ಅಂದೆ. ಹಾಗೆ ಐದು ವಾರ ಹೋಯಿತು.

ಆ ಐದು ವಾರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಲ್ಲಿ ತಡ ಅಂದರೆ ಮಗುವಿನ ಮೂಳೆಯ ಕಾಲವೇ ಕಮ್ಮಿಯಾದ ಹಾಗೆ.

ಇನ್ನೊಂದು ಮಾತು. ಕೆಲವು ಪಾಲಿಸಿಗಳು ಎತ್ತರಕ್ಕೆ ಕೊಡುವ ಚಿಕಿತ್ಸೆಯನ್ನು ಅಂದಚಂದದ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಇದು ತಪ್ಪು. ಈ ಹಾರ್ಮೋನು ಕಮ್ಮಿಯಾದರೆ ಹಸುಗೂಸುಗಳಿಗೆ ರಕ್ತದಲ್ಲಿ ಸಕ್ಕರೆ ಅಂಶ ಇಳಿಯಬಹುದು. ಸ್ನಾಯು, ಮೂಳೆ, ಕೊಬ್ಬು ಎಲ್ಲದರ ಮೇಲೂ ಅದರ ಕೆಲಸ ಇದೆ. ಗಿಡ್ಡ ಇರುವ ಮಕ್ಕಳೆಲ್ಲರಿಗೂ ಈ ಔಷಧಿ ಬೇಕು ಅಂತ ನಾನು ಹೇಳುತ್ತಿಲ್ಲ, ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಕೊರತೆ ಇದೆ ಅಂತ ಗೊತ್ತಾದ ಮಗುವಿಗೆ ಬಾಗಿಲು ಹಾಕಬೇಡಿ ಅನ್ನುತ್ತಿದ್ದೇನೆ.

ಪ್ಲಾನ್ ಆರಿಸುವವರು ಮೊದಲು 'ಇದಕ್ಕೆಲ್ಲ ಹಣ ಕೊಡುವುದಿಲ್ಲ' ಅನ್ನುವ ಪುಟ ಓದಿ. ಮನೆಯಲ್ಲೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಅದರಲ್ಲಿ ಸೇರಿದೆಯಾ ನೋಡಿ. ಮಗುವಿನ ಔಷಧಿಯ ಬ್ರ್ಯಾಂಡ್ ಹೆಸರು ಹಿಡಿದೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಡೋಸ್ ತೂಕದ ಮೇಲೆ ನಿಂತಿರುವುದರಿಂದ ಮಗು ಬೆಳೆದ ಹಾಗೆ ಖರ್ಚೂ ಬೆಳೆಯುತ್ತದೆ. ಇವತ್ತಿನ ಲೆಕ್ಕ ಇಟ್ಟುಕೊಂಡು ಕೂರಬೇಡಿ. ನಿಮ್ಮ ಪಾಲಿನ ಖರ್ಚಿಗೆ ವರ್ಷಕ್ಕೊಂದು ಮಿತಿ ಇದೆಯಾ ಅಂತಲೂ ವಿಚಾರಿಸಿ. ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಈಗ ಬಂದಿವೆ, ಅವು ಪಟ್ಟಿಯಲ್ಲಿ ಇವೆಯಾ ಕೇಳಿ.

ಒಮ್ಮೆ ಆಗಲ್ಲ ಅಂದರೆ ಸುಮ್ಮನಾಗಬೇಡಿ. ನಮಗೆ ಎರಡನೇ ಮೇಲ್ಮನವಿಗೆ ಒಪ್ಪಿಗೆ ಸಿಕ್ಕಿತು. ಬೆಳವಣಿಗೆ ಚಾರ್ಟ್, ಮೂಳೆಯ ವಯಸ್ಸು, ಪರೀಕ್ಷೆಯ ಅಂಕಿಗಳು ಎಲ್ಲ ಇದ್ದ ಡಾಕ್ಟರ ಪತ್ರವೇ ಕೆಲಸ ಮಾಡಿದ್ದು. ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಮಗನ ಹೆಸರು ತೆಗೆದು ಆ ಪತ್ರವನ್ನೇ ಕಳಿಸುತ್ತೇನೆ.