ಕಿಂಡಿ ಬಿಟ್ಟವರಿಗೆ ಸಲಾಂ, ಕಂಡವರಿಗೆ ಕೇಸು

ದೇಶದ ಭದ್ರತೆಗೆ ದೊಡ್ಡ ಅಪಾಯ ಯಾವುದು ಅಂತ ಕೇಳಿದರೆ ಜನ ಸುಮ್ನೆ ಗಡಿ, ಡ್ರೋನು, ಹ್ಯಾಕರು ಅಂತೆಲ್ಲ ಹೇಳುತ್ತಾರೆ. ಪಾಪ, ಅವರಿಗೆ ಗೊತ್ತಿಲ್ಲ. ಭದ್ರತೆಯ ಕಿಂಡಿ ಬಗ್ಗೆ ಬರೆದರೆ ಶತ್ರುವಿಗೆ ದಾರಿ ತೋರಿಸಿದ ಹಾಗೆ ಅನ್ನುವವರ ಲೆಕ್ಕದಲ್ಲಿ ನಿಜವಾದ ಅಪಾಯ ವರದಿಗಾರ್ತಿಯ ಕೈಯಲ್ಲಿರುವ 500 ರೂಪಾಯಿ.

2018ರ ಜನವರಿ. ‘ದಿ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯೊಬ್ಬರು ವಾಟ್ಸಾಪ್‌ನಲ್ಲಿ ಸಿಕ್ಕ ಏಜೆಂಟನಿಗೆ ಪೇಟಿಎಂನಲ್ಲಿ 500 ರೂಪಾಯಿ ಹಾಕಿದರು. ಹತ್ತು ನಿಮಿಷದಲ್ಲಿ ಲಾಗಿನ್, ಪಾಸ್‌ವರ್ಡ್ ಬಂತು. ಯಾರದೇ ಆಧಾರ್ ಸಂಖ್ಯೆ ಒತ್ತಿದರೂ ಹೆಸರು, ವಿಳಾಸ, ಫೋಟೊ, ಫೋನ್ ನಂಬರು ಎಲ್ಲ ಹಾಜರ್. ಇನ್ನೊಂದು 300 ಕೊಟ್ಟರೆ ಕಾರ್ಡನ್ನೇ ಪ್ರಿಂಟ್ ಹಾಕುವ ಸಾಫ್ಟ್‌ವೇರ್! ಸರ್ಕಾರಿ ಸೇವೆ ಇಷ್ಟು ಚುರುಕಾಗಿ ಸಿಕ್ಕಿದ್ದು ಅದೇ ಮೊದಲಿರಬೇಕು.

ವ್ಯಾಪಾರ ನಡೆಯುವಷ್ಟು ದಿನ ದೇಶದ ಭದ್ರತೆ ಹಾಯಾಗಿ ಮಲಗಿತ್ತು. ಸುದ್ದಿ ಅಚ್ಚಾದ ಕೂಡಲೇ ಧಡಕ್ಕನೆ ಎದ್ದು ಕೂತಿತು. ಆಧಾರ್ ಪ್ರಾಧಿಕಾರ ಒಂದೇ ಉಸಿರಿನಲ್ಲಿ ಎರಡು ಕೆಲಸ ಮಾಡಿತು. ಮಾಹಿತಿ ಸೋರಿಕೆ ಆಗಿಯೇ ಇಲ್ಲ ಎಂದಿತು. ಜೊತೆಗೆ ಪೊಲೀಸರಿಗೆ ದೂರು ಕೊಟ್ಟಿತು. ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು. ಅಂದರೆ ಕಳ್ಳತನವೇ ಆಗಿಲ್ಲ, ಆದರೆ ಕಳ್ಳಿ ಯಾರಂತ ಗೊತ್ತು!

ಗದ್ದಲ ಜಾಸ್ತಿಯಾದಾಗ ಸಚಿವ ರವಿಶಂಕರ್ ಪ್ರಸಾದ್, ಎಫ್‌ಐಆರ್ ಇರುವುದು ಅಪರಿಚಿತರ ಮೇಲೆ ಎಂದರು. ಹೆಸರು, ಪತ್ರಿಕೆ ಎಲ್ಲ ಬರೆದ ಮೇಲೂ ಅಪರಿಚಿತರು. ಆಧಾರ್ ಇದ್ದೂ ಗುರುತು ಸಿಗದಿದ್ದರೆ ಹೇಗೆ ಸ್ವಾಮಿ? ವಾರ ಕಳೆಯುವುದರೊಳಗೆ, ಸೋರಿಕೆಯೇ ಇಲ್ಲದ ಆ ವ್ಯವಸ್ಥೆಗೆ ‘ವರ್ಚುವಲ್ ಐಡಿ’ (ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ ತಾತ್ಕಾಲಿಕ ಸಂಖ್ಯೆ) ಎಂಬ ಹೊಸ ರಕ್ಷಣೆಯೂ ಘೋಷಣೆಯಾಯಿತು.

ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ವೇಣುಗೋಪಾಲ್ ಸುಪ್ರೀಂ ಕೋರ್ಟಿನಲ್ಲಿ ನಮ್ಮ ಉಳಿದ ಭಯವನ್ನೂ ಕಳೆದರು. ಆಧಾರ್ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆಯಂತೆ. ಇನ್ನು ಆನೆ ತಂದು ಗುದ್ದಿಸಿದರೂ ಪಾಸ್‌ವರ್ಡ್ ಅಲುಗಾಡುವುದಿಲ್ಲ.

ಗೋಡೆ ಎಂದಾಗ ಚಿತ್ರದುರ್ಗ ನೆನಪಾಗುತ್ತದೆ. ಅಲ್ಲಿನ ಕಿಂಡಿಯನ್ನು ಹೈದರಾಲಿಯ ಕಡೆಯವರು ಯಾವ ಪೇಪರ್ ಓದಿ ಪತ್ತೆ ಮಾಡಿದರು? ಇವತ್ತಾಗಿದ್ದರೆ ಓಬವ್ವನ ಒನಕೆ ಜಪ್ತಿಯಾಗುತ್ತಿತ್ತು. ಕಿಂಡಿ ಇರುವುದು ನಿನಗೆ ಹೇಗೆ ಗೊತ್ತು ಅಂತ ವಿಚಾರಣೆಯೂ ನಡೆಯುತ್ತಿತ್ತು.

ಕೂಡಂಕುಳಂ ಕಥೆ ಇನ್ನೂ ಚೆಂದ. 2019ರ ಅಕ್ಟೋಬರ್ 29ರಂದು ಅಣುಸ್ಥಾವರ ಹೇಳಿಕೆ ಕೊಟ್ಟಿತು: ಸೈಬರ್ ದಾಳಿಯ ಸುದ್ದಿ ಸುಳ್ಳು, ನಿಯಂತ್ರಣ ವ್ಯವಸ್ಥೆಯ ಮೇಲೆ ಅಂಥ ದಾಳಿ ಸಾಧ್ಯವೇ ಇಲ್ಲ. ಮರುದಿನ ಅಣುವಿದ್ಯುತ್ ನಿಗಮ ಬಾಯಿ ಬಿಟ್ಟಿತು: ಮಾಲ್‌ವೇರ್, ಅಂದರೆ ಕಂಪ್ಯೂಟರಿಗೆ ನುಗ್ಗುವ ದುಷ್ಟ ತಂತ್ರಾಂಶ, ಸಿಕ್ಕಿದ್ದು ನಿಜ, ಆದರೆ ಆಡಳಿತದ ಕೆಲಸಕ್ಕಿದ್ದ ಕಂಪ್ಯೂಟರಿನಲ್ಲಿ, ಸ್ಥಾವರಕ್ಕೇನೂ ಆಗಿಲ್ಲ. ಸರಿ, ಒಪ್ಪೋಣ. ಆದರೆ ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಈ ವಿಷಯ ತಿಳಿಸಿದ್ದು ಸೆಪ್ಟೆಂಬರ್ 4ರಂದೇ. ಸುಮಾರು ಎಂಟು ವಾರ ಸರ್ಕಾರಕ್ಕೆ ಗೊತ್ತಿತ್ತು. ನುಗ್ಗಿದವನಿಗಂತೂ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ತೆರಿಗೆ ಕಟ್ಟುವ ನಾವು. ಈ ಗುಟ್ಟು ಕಾಪಾಡಿದ್ದು ಯಾರಿಂದ ಅಂತ ಈಗ ಅರ್ಥವಾಯ್ತು ಅಲ್ವಾ?

ಪತ್ರಿಕೆಯವರು ಪಾಸ್‌ವರ್ಡನ್ನೇ ಮುಖಪುಟದಲ್ಲಿ ಅಚ್ಚು ಹಾಕಿದ್ದರೆ ನಾನೂ ಬೈಯುತ್ತಿದ್ದೆ. ಟ್ರಿಬ್ಯೂನ್ ಹಾಗೆ ಮಾಡಲಿಲ್ಲ. ಬರೆಯುವ ಮೊದಲು ಚಂಡೀಗಢದ ಆಧಾರ್ ಅಧಿಕಾರಿಗಳನ್ನು ಕೇಳಿತ್ತು. ದೋಷ ಕಂಡರೆ ಮೊದಲು ಯಜಮಾನನಿಗೆ ಹೇಳಬೇಕು, ಆಮೇಲೆ ಊರಿಗೆ. ಗೂಗಲ್‌ನ ತಂಡವೊಂದು ರಿಪೇರಿಗೆ 90 ದಿನ ಕೊಡುತ್ತದೆ. ನಮ್ಮಲ್ಲಿ 90 ದಿನ ಅಂದರೆ ಕಡತ ಇನ್ನೂ ಪಕ್ಕದ ಮೇಜಿಗೆ ಹೋಗಿರುವುದಿಲ್ಲ.

ಅಂತೂ 2023ರ ನವೆಂಬರ್‌ನಲ್ಲಿ ಒಂದು ಗಟ್ಟಿ ಕ್ರಮ ಬಂತು. ಸರ್ಟ್-ಇನ್ ಸಂಸ್ಥೆಯನ್ನು ಆರ್‌ಟಿಐ ವ್ಯಾಪ್ತಿಯಿಂದ ಹೊರಗಿಟ್ಟರು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮೂವತ್ತು ದಿನ ಕಾದು ದೇಶದ ಗುಟ್ಟು ಕದಿಯುತ್ತಿದ್ದ ವಿದೇಶಿ ಹ್ಯಾಕರ್‌ಗಳು ಇನ್ನು ಏನು ಮಾಡುತ್ತಾರೋ ನೋಡಬೇಕು.