ಊರಿಗೆ ಬಂದಾಗ ಹೋಟೆಲ್ ಹೆಸರು ಕೇಳಬೇಡಿ, ಹೊತ್ತು ಕೇಳಿ

ರಜೆಗೆ ಊರಿಗೆ ಬರೋರು ಬಸ್ಸು ಹತ್ತೋ ಮೊದಲೇ ಕೇಳೋದು ಒಂದೇ ಪ್ರಶ್ನೆ: "ಕೋಲಾರದಲ್ಲಿ ಈಗ ಯಾವ ಹೋಟೆಲ್ ಚೆನ್ನಾಗಿದೆ?" ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಹೋಗಿ ತಿಂದು ಬಂದಮೇಲೆ "ಮೊದಲಿನ ರುಚಿ ಇಲ್ಲ ಬಿಡಿ" ಅಂತ ಬೇಜಾರು. ಎಷ್ಟೋ ಸಲ ರುಚಿ ಎಲ್ಲೂ ಹೋಗಿರಲ್ಲ, ಹೋದ ಹೊತ್ತು ತಪ್ಪಾಗಿರುತ್ತೆ. ನಮ್ಮ ಕಡೆ ಹೋಟೆಲ್‌ಗಳು ಬೆಳಗ್ಗೆಯಿಂದ ರಾತ್ರಿವರೆಗೂ ಒಂದೇ ರುಚಿ ಕೊಡೋ ಜಾತಿಯವಲ್ಲ. ಒಂದೊಂದು ಕಡೆ ಒಂದೋ ಎರಡೋ ಪದಾರ್ಥ ಚೆನ್ನಾಗಿರುತ್ತೆ, ಅದೂ ಎರಡು ಮೂರು ಗಂಟೆ. ಅದಕ್ಕೇ ಈ ಬರಹದಲ್ಲಿ ಒಂದು ಹೋಟೆಲ್ ಹೆಸರೂ ಇಲ್ಲ, ಬೇಕಂತಲೇ ಹಾಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಎರಡಕ್ಕೂ ಸೇರಿಸಿ ಬರೀತಿದ್ದೀನಿ. 2007ರವರೆಗೆ ಎರಡೂ ಒಂದೇ ಜಿಲ್ಲೆ, ಊಟದಲ್ಲಿ ಇವತ್ತಿಗೂ ಬೇರೆ ಆಗಿಲ್ಲ.

ಎಲ್ಲರೂ ಮೊದಲು ಓಡೋದು ಮುಳಬಾಗಿಲು ದೋಸೆಗೆ, ಅಲ್ಲಿಂದಲೇ ಶುರು ಮಾಡೋಣ. ಕೋಲಾರದಿಂದ ಹೈವೇಯಲ್ಲಿ ಸುಮಾರು 30 ಕಿಲೋಮೀಟರ್. ಇದು ಕಾವಲಿ ತುಂಬ ತೆಳ್ಳಗೆ ಎಳೆಯೋ ದೋಸೆ ಅಲ್ಲ. ಅಗಲ ಕಮ್ಮಿ, ದಪ್ಪ ಜಾಸ್ತಿ, ಸುತ್ತ ತುಪ್ಪ ಬಿಟ್ಟು ಹದವಾದ ಉರಿಯಲ್ಲಿ ನಿಧಾನಕ್ಕೆ ಬೇಯಿಸಬೇಕು. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ ಬರಬೇಕು. ತೆಳು ದೋಸೆ ಎರಡು ನಿಮಿಷಕ್ಕೆ ಏಳುತ್ತೆ, ಇದಕ್ಕೆ ನಾಲ್ಕೈದು ನಿಮಿಷ ಬೇಕು. ಹೆಚ್ಚಿಗೆ ಬೇಕಾದ ಆ ಎರಡು ಮೂರು ನಿಮಿಷದಲ್ಲೇ ಎಲ್ಲ ಕೆಡೋದು. ಶನಿವಾರ, ಭಾನುವಾರ ಬೆಳಗ್ಗೆ 8ರಿಂದ 10:30ರವರೆಗೆ ಬೆಂಗಳೂರಿನ ಕಾರುಗಳು, ತಿರುಪತಿಗೆ ಹೊರಟ ಗಾಡಿಗಳು ಎಲ್ಲಾ ಒಟ್ಟಿಗೆ ನುಗ್ಗುತ್ತವೆ. ಭಟ್ಟರು ಉರಿ ಏರಿಸದೆ ವಿಧಿಯಿಲ್ಲ. ಆಗ ತಳ ಕೆಂಪಾಗುತ್ತೆ, ಹೊಟ್ಟೆ ಹಸಿಯಾಗೇ ಉಳಿಯುತ್ತೆ. ಇನ್ನೊಂದು ತಪ್ಪು ಇದರ ಉಲ್ಟಾ. ಒಂದು ಸಾಲು ತೆಗೆದು, ನೀರು ಚಿಮುಕಿಸಿ, ಪೊರಕೆ ಎಳೆದ ತಕ್ಷಣ ಹಿಟ್ಟು ಹುಯ್ದರೆ ಕಾವಲಿ ತಣ್ಣಗಿರುತ್ತೆ. ದೋಸೆ ಬಿಳಿಚಿಕೊಂಡು ತುಪ್ಪ ಕುಡಿದು ಕೂರುತ್ತೆ. ಕಾವಲಿ ಅಂಚಿನ ದೋಸೆಗಳಿಗೆ ಈ ಗತಿ ಜಾಸ್ತಿ.

ತಟ್ಟೆ ಬಂದ ಕೂಡಲೇ ಅಂಚು ಮುರಿಯಬೇಡಿ, ನಡು ಮುರಿದು ನೋಡಿ. ಸಣ್ಣ ಸಣ್ಣ ತೂತು ಕಂಡು ಹಬೆ ಬಂದರೆ ಬೆಂದಿದೆ. ಒದ್ದೆಯಾಗಿ ಮಿರಮಿರ ಹೊಳೆದರೆ ಬೆಂದಿಲ್ಲ. "ಅಣ್ಣಾ, ಇನ್ನೊಂಚೂರು ರೋಸ್ಟ್ ಮಾಡಿಕೊಡಿ" ಅಂದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ತುಪ್ಪ ನಿಜವಾ ಡಾಲ್ಡಾನಾ ಅನ್ನೋದಕ್ಕೆ ಮೂಗಿಗಿಂತ ಅಂಗುಳ ನಂಬಿ. ತುಪ್ಪ ಬಾಯಿಯ ಬಿಸಿಗೇ ಕರಗಿ ಹೋಗುತ್ತೆ, ಗಟ್ಟಿ ಡಾಲ್ಡಾ ಮೇಣದ ಹಾಗೆ ಅಂಗುಳಕ್ಕೆ ಮೆತ್ತಿಕೊಂಡು ಬಿಸಿ ಕಾಫಿ ಕುಡಿಯೋವರೆಗೂ ಬಿಡಲ್ಲ. ತಟ್ಟೆಯಲ್ಲಿ ಹೆಪ್ಪುಗಟ್ಟಿತು ಅಂತ ಮಾತ್ರ ಜಗಳಕ್ಕೆ ಹೋಗಬೇಡಿ, ಚಳಿಗಾಲದಲ್ಲಿ ಒಳ್ಳೆ ತುಪ್ಪಾನೂ ಹೆಪ್ಪುಗಟ್ಟುತ್ತೆ.

ವಾರದ ದಿನ ಬೆಳಗ್ಗೆ 7:30, ನನ್ನ ಪ್ರಕಾರ ಅದೇ ಸರಿಯಾದ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಮಾತ್ರ ಒಂದು ಗಂಟೆ ತಡವಾಗಿ ಹೋಗಿ. ರಾತ್ರಿ 15 ಡಿಗ್ರಿ ಹತ್ತಿರ ಇಳಿಯೋ ಚಳಿಯಲ್ಲಿ ಹಿಟ್ಟು ಸರಿಯಾಗಿ ಉಬ್ಬಿರಲ್ಲ, ಮೊದಲ ದೋಸೆಗಳು ಗಟ್ಟಿಯಾಗಿ ಸಪ್ಪೆ ಬರುತ್ತವೆ. ಏಪ್ರಿಲ್‌ನಲ್ಲಿ ಇದರ ವಿರುದ್ಧ, ಹತ್ತು ಗಂಟೆಗೇ ಹಿಟ್ಟು ಹುಳಿ ಹೊಡೆಯುತ್ತೆ, ಅದಕ್ಕಿಂತ ಮೊದಲೇ ಕಾಯಿ ಚಟ್ನಿ ಕೆಟ್ಟಿರುತ್ತೆ. ಚಟ್ನಿ ಮೇಲೆ ನೀರು ಬೇರೆ ನಿಂತಿದ್ದರೆ, ಸಣ್ಣ ಗುಳ್ಳೆ ಕಂಡರೆ ಪಕ್ಕಕ್ಕೆ ಇಟ್ಟುಬಿಡಿ, ದೋಸೆ ಪಲ್ಯದಲ್ಲೇ ಮುಗಿಸಿ.

ಇಡ್ಲಿ ಬಗ್ಗೆ ಎರಡು ಮಾತು ಸಾಕು. ತುಮಕೂರು ಕ್ಯಾತ್ಸಂದ್ರದ ಕಡೆಯ ತಟ್ಟೆ ಇಡ್ಲಿ ಈಗ ನಮ್ಮ ಹೈವೇ ಮೇಲೂ ಎಲ್ಲೆಲ್ಲೂ ಸಿಗುತ್ತೆ. ಚೆನ್ನಾಗಿ ರುಬ್ಬಿ ಹುದುಗಿಸಿದ್ದು ಬೆರಳಲ್ಲಿ ಒತ್ತಿದರೆ ತಿರುಗಿ ಏಳುತ್ತೆ. ಸೋಡಾ ಜಾಸ್ತಿ ಆಗಿದ್ದರೆ ಬಣ್ಣ ಹಳದಿಗೆ ತಿರುಗಿರುತ್ತೆ, ನಾಲಿಗೆಗೆ ಸಾಬೂನು ಸೋಕಿದಂಗೆ ಆಗುತ್ತೆ. ಬೇಯಿಸೋ ತಟ್ಟೆಗೆ ಬಟ್ಟೆ ಹಾಸಿದ್ದಾರಾ, ಪ್ಲಾಸ್ಟಿಕ್ ಹಾಳೆಯಾ ಅಂತ ಒಂದು ಸಲ ಕಣ್ಣು ಹಾಯಿಸಿ. ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ರಾಜ್ಯ ಸರ್ಕಾರ 2025ರಲ್ಲೇ ಹೇಳಿದೆ.

ಮುದ್ದೆ ವಿಷಯಕ್ಕೆ ಬಂದರೆ ಜನ ಜಾಸ್ತಿ ಮೋಸ ಹೋಗೋದು ಇಲ್ಲೇ. ಹೊರಗಡೆಯಿಂದ ಬಂದವರು ರಾತ್ರಿ ಊಟಕ್ಕೆ ಮುದ್ದೆ ಕೇಳ್ತಾರೆ. ಎಷ್ಟೋ ಹೋಟೆಲ್‌ಗಳಲ್ಲಿ ಮುದ್ದೆ ತೊಳಸೋದು ಮಧ್ಯಾಹ್ನ 12ರ ಹೊತ್ತಿಗೆ, ರಾತ್ರಿಗೆ ಸಿಗೋದು ಹಾಟ್‌ಬಾಕ್ಸ್‌ನಲ್ಲಿ ಬೆವೆತು ಕೂತಿದ್ದು. ಹೊರಗೆ ಅಂಟಂಟು, ಒಳಗೆ ಬಿರುಸು. ಮತ್ತೆ ಹಬೆಯಲ್ಲಿ ಇಟ್ಟರೂ ಮೊದಲಿನ ಹದ ಬರಲ್ಲ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟದ ಮೇಲೆ ಸ್ವಲ್ಪ ನೀರು ಅನ್ನೋದು ಲೆಕ್ಕ. ನೀರು ಕುದಿ ಬಂದಮೇಲೆ ಹಿಟ್ಟು ಹಾಕಿ, ಕೋಲಲ್ಲಿ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು ಆಮೇಲೆ ತೊಳಸಬೇಕು. ದೊಡ್ಡ ಪಾತ್ರೆಯಲ್ಲಿ ಅವಸರ ಮಾಡಿ ಬೇಯೋ ಮೊದಲೇ ತೊಳಸಿದರೆ ಗಂಟು ಉಳಿಯುತ್ತೆ. ನೀರಲ್ಲಿ ಅದ್ದಿದ ಬೆರಳಿಂದ ಮುಟ್ಟಿ ನೋಡಿ, ಬೆಂದ ಮುದ್ದೆ ಅಂಟಲ್ಲ. ಮುರಿದಾಗ ಒಳಗೆ ಬಿಳಿ ಚುಕ್ಕೆ ಕಂಡರೆ ಹಸಿ ಹಿಟ್ಟು, ಅದು ರಾತ್ರಿಯೆಲ್ಲ ಹೊಟ್ಟೆಯಲ್ಲಿ ಮಾತಾಡುತ್ತೆ. ಬಾಗೇಪಲ್ಲಿ ಕಡೆ ಕೆಲವು ಹೋಟೆಲ್‌ಗಳಲ್ಲಿ ಅನ್ನ ಬೆರೆಸಿದ ಸಂಗಟಿ ಕೊಡ್ತಾರೆ, ಅದರಲ್ಲಿ ಬಿಳಿ ಅಗುಳು ಕಂಡರೆ ಹಸಿ ಅಂದುಕೊಂಡು ಗಾಬರಿ ಬೀಳಬೇಡಿ. ಸಂಗಟಿ ಇರೋದೇ ಹಾಗೆ.

ಮುದ್ದೆ ಜೊತೆ ಬಸ್ಸಾರು ಇದೆ ಅಂದರೆ ತಕ್ಷಣ "ಪಲ್ಯ ಏನಿದೆ?" ಅಂತ ಕೇಳಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಾಗುತ್ತೆ, ಬಸಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯ ಆಗುತ್ತೆ. ಒಂದು ಇದ್ದ ಕಡೆ ಇನ್ನೊಂದು ಇರಲೇಬೇಕು. ಪಲ್ಯ ಇಲ್ಲ, ಬಸ್ಸಾರು ಮಾತ್ರ ಇದೆ ಅಂದರೆ ಅದು ಬಸಿದ ಸಾರೇ ಅಲ್ಲ, ಬೇಳೆ ಸಾರಿಗೆ ಬೆಳ್ಳುಳ್ಳಿ, ಜೀರಿಗೆ ಅರೆದು ಹಾಕಿ ಬಸ್ಸಾರು ಅಂತ ಬೋರ್ಡ್ ಬರೆದಿದ್ದಾರೆ ಅಷ್ಟೇ. ಇಡೀ ಮೆನುವಿನಲ್ಲಿ ಇಷ್ಟು ಸುಲಭವಾಗಿ ಹಿಡಿಯಬಹುದಾದ ಸುಳ್ಳು ಇನ್ನೊಂದಿಲ್ಲ.

ಅವರೆಕಾಯಿಗೆ ಡಿಸೆಂಬರ್, ಜನವರಿ ಬಿಟ್ಟರೆ ಬೇರೆ ಹೊತ್ತಿಲ್ಲ, ಎಳೆದರೆ ಫೆಬ್ರವರಿ. ಸೊಗಡು ಇರೋದು ಕಾಯಿಯ ಸಿಪ್ಪೆ ಮೇಲೆ, ಸುಲಿಯೋವಾಗ ಕೈಗೆ ಹತ್ತೋ ಜಿಡ್ಡಿನಲ್ಲಿ. ಮೇ ತಿಂಗಳಲ್ಲಿ ಹಿದುಕಿದ ಬೇಳೆ ಸಾರು ಅಂತ ಕೊಟ್ಟರೆ ಒಣಗಿದ ಅವರೆ ನೆನೆಹಾಕಿ ಹಿದುಕಿದ್ದು, ಇಲ್ಲ ಫ್ರೀಜರ್‌ನಿಂದ ತೆಗೆದದ್ದು. ಕೆಟ್ಟದ್ದೇನಲ್ಲ, ಆದರೆ ಸೊಗಡು ಹುಡುಕಬೇಡಿ. ಸೀಸನ್‌ನಲ್ಲೂ ಹೋಟೆಲ್‌ನವರು ಮಾಡೋ ಒಂದು ತಪ್ಪು ಇದೆ, ಬೇಳೆಗಿಂತ ಮಸಾಲೆ ಜೋರು ಮಾಡೋದು. ಗರಂ ಮಸಾಲೆ ವಾಸನೆ ಮುಂದಾದರೆ ಅಲ್ಲಿ ಅವರೆ ಹಾಕಿ ಪ್ರಯೋಜನ ಇಲ್ಲ.

ಇನ್ನು ಮಿಲಿಟರಿ ಹೋಟೆಲ್. ಇಲ್ಲಿ ಗಡಿಯಾರದ ಜೊತೆ ವಾರಾನೂ ನೋಡಬೇಕು. ಭಾನುವಾರ ಮರಿ ಜಾಸ್ತಿ ಕಡೀತಾರೆ, ವ್ಯಾಪಾರ ಜೋರು, ಪಾತ್ರೆ ಖಾಲಿಯಾಗಿ ಹೊಸದು ಏರುತ್ತಲೇ ಇರುತ್ತೆ. ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ, ಅವತ್ತು ವ್ಯಾಪಾರ ಕಮ್ಮಿ, ಫ್ರಿಜ್ಜಿನ ಕೆಲಸ ಜಾಸ್ತಿ. ಬೋಟಿ, ತಲೆಮಾಂಸ, ಲಿವರ್ ಈ ಮೂರನ್ನು ಸೋಮವಾರ ತಿನ್ನಬೇಡಿ, ಯಾವ ದಿನವೇ ಆದರೂ ಮಧ್ಯಾಹ್ನ 2ರ ಮೇಲೆ ತಿನ್ನಬೇಡಿ. ಬೋಟಿಯನ್ನು ಬಿಸಿನೀರಲ್ಲಿ ಅದ್ದಿ, ಕೆರೆದು, ಅರಿಶಿನ ಉಪ್ಪು ಹಾಕಿ ಮೂರು ನಾಲ್ಕು ನೀರಲ್ಲಿ ತೊಳೆಯಬೇಕು. ಎರಡನೇ ನೀರಿಗೇ ನಿಲ್ಲಿಸಿದ್ದರೆ ಎಷ್ಟು ಕೊತ್ತಂಬರಿ ಅರೆದು ಹಾಕಿದರೂ ವಾಸನೆ ಹೋಗಲ್ಲ. ಬೋರ್ಡಿನಲ್ಲಿ ಬೋಟಿ ಇದ್ದರೆ ಮೊದಲು ಅರ್ಧ ಪ್ಲೇಟ್ ಹೇಳಿ ನೋಡೋದು ಒಳ್ಳೇದು. ಯುಗಾದಿ ಮಾರನೇ ದಿನ, ವರ್ಷತೊಡಕಿಗೆ, ಹೋಟೆಲ್‌ಗೆ ಹೋಗೋದೇ ಬೇಡ. ಅವತ್ತು ಊರೆಲ್ಲ ಮಟನ್ ಅಂಗಡಿ ಮುಂದೆ ಕ್ಯೂನಲ್ಲಿರುತ್ತೆ, ಹೋಟೆಲ್‌ಗೆ ಉಳಿದದ್ದು ಬಂದಿರುತ್ತೆ.

ನಾಟಿ ಕೋಳಿ ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ನಾಟಿ ಕೋಳಿ ಇರಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಬದಲಿಗೆ ಏನಿರುತ್ತೆ ಅಂತ ಕೇಳಿದರೆ ಹೇಳೋರು ಕಮ್ಮಿ. ಎರಡು ಥರ ಇರುತ್ತೆ. ಒಂದು ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲಲ್ಲಿ ಸಾಕೋಕೆ ಅಂತ ಬೆಳೆಸಿದ ತಳಿ, ನಾಟಿಗಿಂತ ದಪ್ಪ, ಬೇಗ ಬೆಳೆಯುತ್ತೆ, ರುಚಿ ಪರವಾಗಿಲ್ಲ. ಇನ್ನೊಂದು ಮೊಟ್ಟೆ ನಿಲ್ಲಿಸಿದ ಫಾರಂ ಕೋಳಿ, ಅಗ್ಗ. ಅದೂ ಗಟ್ಟಿ ಇರೋದರಿಂದ "ನೋಡಿ ಸಾರ್, ನಾಟಿ, ಅದಕ್ಕೇ ಗಟ್ಟಿ" ಅಂತ ಸಾಗಹಾಕಬಹುದು. ಗಟ್ಟಿ ಇದೆ ಅನ್ನೋದೇ ಪುರಾವೆ ಅಲ್ಲ. ನಾಟಿ ಕಾಲು ಮೂಳೆ ತೆಳ್ಳಗೆ, ಬಿರುಸು, ಮೇಲೆ ಮಾಂಸ ಕಮ್ಮಿ. ಚರ್ಮ ಸುಟ್ಟು ಅರಿಶಿನ ಹಚ್ಚಿದ್ದರೆ ಸಾರಿಗೆ ಸಣ್ಣ ಹೊಗೆ ವಾಸನೆ ಬಂದಿರುತ್ತೆ. ಮೊಟ್ಟೆ ಕೋಳಿಯಲ್ಲಿ ಕೊಬ್ಬು ಜಾಸ್ತಿ, ಮಾಂಸ ನಾರು ನಾರು. ಇನ್ನೊಂದು ಲೆಕ್ಕ: ಒಂದೂವರೆ ಕೆಜಿ ಜೀವದ ಕೋಳಿ ಕೊಯ್ದು ಶುಚಿ ಮಾಡಿದರೆ ಒಂದು ಕೆಜಿ ಆಸುಪಾಸು ಉಳಿಯುತ್ತೆ. ಸಂತೆಯ ಕೋಳಿ ರೇಟು ಗೊತ್ತಿದ್ದರೆ, ಪ್ಲೇಟಿನ ರೇಟು ನೋಡಿದ ಕೂಡಲೇ ಅದು ಸಾಧ್ಯನಾ ಅಂತ ನೀವೇ ಹೇಳಬಹುದು. ನಾಟಿ ಬೇಯೋಕೆ ಮುಕ್ಕಾಲು ಗಂಟೆಗೆ ಕಮ್ಮಿ ಸಾಲದು, ಆರ್ಡರ್ ಮಾಡಿ ಹತ್ತು ನಿಮಿಷಕ್ಕೆ "ಈಗ ತಾನೇ ಮಾಡಿದ್ದು" ಅಂದರೆ ನಕ್ಕು ಸುಮ್ಮನಾಗಿ.

ಕೆಜಿಎಫ್ ಕಡೆ ಹೋಗೋರು ಬಿರಿಯಾನಿಗೆ ಹೋಗಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ, ಗಣಿ ಜೊತೆ ಬಂದ ತಮಿಳು ಅಡುಗೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಉಳಿದಿದೆ. ದಮ್ ಮುಚ್ಚಳ ತೆಗೆಯೋದು ಸುಮಾರು 12ಕ್ಕೆ, 1ರ ಒಳಗೆ ತಿನ್ನಿ. 2:30ಕ್ಕೆ ಹೋದರೆ ತಳದ ಎಣ್ಣೆ ಅನ್ನ, ಮುರಿದ ಮಾಂಸ.

ಸಂಜೆ ಕರಿದ ತಿಂಡಿಗೆ ನಿಯಮ ಸರಳ. ಅಂಗಡಿ ತೆರೆದ ಮೊದಲ ಒಂದು ಗಂಟೆ. ಎಣ್ಣೆ ಕಪ್ಪಾಗಿ, ದಪ್ಪವಾಗಿ, ಬಜ್ಜಿ ತೆಗೆದಮೇಲೂ ನೊರೆ ಇಳಿಯದೆ ನಿಂತಿದ್ದರೆ ಮುಂದಕ್ಕೆ ನಡೀರಿ. ಹಳೇ ಎಣ್ಣೆಯಲ್ಲಿ ಹುಟ್ಟೋ ಪೋಲಾರ್ ಅಂಶ 25% ದಾಟಬಾರದು ಅಂತ 2018ರ ಜುಲೈನಿಂದ ದೇಶದ ನಿಯಮ, ರಸ್ತೆಬದಿಯಲ್ಲಿ ಅಳೆಯೋರು ಯಾರೂ ಇಲ್ಲ, ಕಣ್ಣೇ ಮಾಪಕ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲಿ ಸರ್ಕಾರ ಆದೇಶ ಮಾಡಿತು, ಜೂನ್‌ನಲ್ಲಿ ಕಬಾಬ್‌ಗೂ ಅದೇ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕಬಾಬ್ ಕಂದುಗೆಂಪು ಆಗುತ್ತೆ. ಕೈತೊಳೆದರೂ ಬೆರಳ ಮೇಲೆ ಕೆಂಪು ಉಳಿದರೆ ಅದು ಮೆಣಸಿನಕಾಯಿಯ ಕೆಲಸ ಅಲ್ಲ.

ನೀರಿನ ಬಗ್ಗೆ ಹೊರಗಿನಿಂದ ಬಂದವರಿಗೆ ಒಂದು ಗೊಂದಲ. ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ ಅಂತ ಕೇಳಿ "ಬಿಸಿನೀರು ಕೊಡಿ" ಅಂತಾರೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಸ್ವಲ್ಪ ಹೆಚ್ಚೇ ಆಗುತ್ತೆ. ಆದರೆ ಫ್ಲೋರೈಡ್ ತೊಂದರೆ ಮಾಡೋದು ವರ್ಷಗಟ್ಟಲೆ ಕುಡಿದವರಿಗೆ, ಒಂದು ವಾರದ ನೆಂಟರಿಗಲ್ಲ. ನಿಮ್ಮ ಹೊಟ್ಟೆ ಕೆಡಿಸೋದು ರೋಗಾಣು, ಅದಕ್ಕೆ ಕುದಿಸಿದ ನೀರು ಸರಿಯಾದ ಮದ್ದು. ಹಾಗಾಗಿ ಕೇಳಿ, ಕಾರಣ ಬೇರೆ ಅಷ್ಟೇ. ಬೆಚ್ಚಗಿನ ನೀರು ಸಾಲದು, ಕುದಿದು ಆರಿದ್ದು ಬೇಕು. ಬಂದ ಮೊದಲ ಎರಡು ದಿನ ಹಸಿ ಈರುಳ್ಳಿ, ಸೌತೆಕಾಯಿ, ಐಸ್ ಹಾಕಿದ ಜ್ಯೂಸ್, ಮಸಾಲೆಪೂರಿ ಪಾನಿ ಬಿಟ್ಟರೆ ಉಳಿದ ಐದು ದಿನ ಆರಾಮಾಗಿ ತಿನ್ನಬಹುದು.

ಬಿಲ್ ಕಡೆ ಒಂದು ನೋಟ. ಸಾಮಾನ್ಯ ಹೋಟೆಲ್ ಊಟಕ್ಕೆ ಜಿಎಸ್‌ಟಿ 5%. ಒಟ್ಟು ವಹಿವಾಟಿನ ಮೇಲೆ ತಾನೇ ಸಣ್ಣ ತೆರಿಗೆ ಕಟ್ಟೋ ಕಾಂಪೊಸಿಷನ್ ಸ್ಕೀಮ್‌ನಲ್ಲಿರೋ ಸಣ್ಣ ಹೋಟೆಲ್ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡೋ ಹಾಗೇ ಇಲ್ಲ, ಹಾಗಂತ ಬೋರ್ಡ್ ಹಾಕಿರಬೇಕು. ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಕೊಡಲೇಬೇಕು ಅಂತಿಲ್ಲ, ತೆಗೀರಿ ಅನ್ನಬಹುದು. ಅದರ ಬದಲು ಸಪ್ಲೈಯರ್ ಕೈಗೇ ಕೊಡಿ.

ಹೊರಡೋ ದಿನ ಪಾರ್ಸಲ್ ತಗೊಳ್ಳೋರಿಗೆ: ಮುದ್ದೆ, ದೋಸೆ ಬೇಡ, ಹೊಸಕೋಟೆ ದಾಟೋ ಹೊತ್ತಿಗೆ ಎರಡೂ ತೊಗಲಾಗುತ್ತವೆ. ಇಡ್ಲಿ, ಸಾರು, ಪಲ್ಯ ತಡೆಯುತ್ತವೆ. ಕುದಿಯೋ ಸಾರನ್ನು ಪ್ಲಾಸ್ಟಿಕ್ ಕವರಿಗೆ ಹುಯ್ಯಿಸಿಕೊಳ್ಳಬೇಡಿ, ಮನೆಯಿಂದ ಸ್ಟೀಲ್ ಕ್ಯಾರಿಯರ್ ತಗೊಂಡು ಹೋಗಿ, ಹೋಟೆಲ್‌ನವರು ಖುಷಿಯಾಗೇ ಒಂದು ಸೌಟು ಜಾಸ್ತಿ ಹಾಕ್ತಾರೆ. ಕಾಯಿ ಚಟ್ನಿ ಮಾತ್ರ ಯಾವ ಡಬ್ಬಿಯಲ್ಲಿ ಹಾಕಿದರೂ ಎರಡು ಗಂಟೆ ದಾಟಿಸಬೇಡಿ, ಕಾರಿನ ಹಿಂದಿನ ಸೀಟಲ್ಲಿ ಬಿಸಿಲು ಬೀಳೋ ಕಡೆ ಇಟ್ಟಿದ್ದರೆ ಅಷ್ಟೂ ಇಲ್ಲ.