ಸತ್ಯಾಂಶ: ಚೆಕ್ ಎಂಜಿನ್ ಲೈಟ್ ಬಂದ ಮಾತ್ರಕ್ಕೆ ಇಸಿಯು ಹೋಗಿಲ್ಲ

"ಚೆಕ್ ಎಂಜಿನ್ ಲೈಟ್ ಬಂದರೆ ಇಸಿಯು ಸುಟ್ಟಿದೆ ಎಂದರ್ಥ. ಗುಜರಿಯಿಂದ ಅದೇ ಮಾಡೆಲ್‌ನದು ತಂದು ಸಿಕ್ಕಿಸಿದರೆ ಸಾಕು" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್. ಡ್ಯಾಶ್‌ಬೋರ್ಡ್‌ನಲ್ಲಿ ಆ ಎಚ್ಚರಿಕೆ ಲೈಟ್ ಹಚ್ಚುವುದೇ ಅದು, ಅಲ್ವಾ? ಹೆಚ್ಚಾಗಿ ಕೈಕೊಟ್ಟಿರುವುದು ಯಾವುದೋ ಸೆನ್ಸರ್, ವೈರಿಂಗ್ ಅಥವಾ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್. ಹಲವು ಸೆನ್ಸರ್‌ಗಳಿಗೆ ಇಸಿಯು 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ ಲೈನೇ ಬಿದ್ದುಹೋಗಿ, ದೋಷ ಓದುವ ಸ್ಕ್ಯಾನರ್‌ನಲ್ಲಿ ಸಾಲು ಸಾಲು ಕೋಡ್ ಬರಬಹುದು. ನೋಡಿದವರು ಇಸಿಯುನೇ ಹೋಯ್ತು ಅಂದುಕೊಳ್ಳುತ್ತಾರೆ. ಒಳ್ಳೆ ಮೆಕ್ಯಾನಿಕ್ ಒಂದೊಂದೇ ಸೆನ್ಸರ್ ಕಳಚುತ್ತಾ ಮಲ್ಟಿಮೀಟರ್ ನೋಡುತ್ತಾರೆ. 5 ವೋಲ್ಟ್ ವಾಪಸ್ ಬಂತೆಂದರೆ ಕಳ್ಳ ಸಿಕ್ಕ ಹಾಗೆ. ಬ್ಯಾಟರಿ, ಫ್ಯೂಸ್, ಅರ್ತ್ ವೈರನ್ನೂ ಮೊದಲೇ ನೋಡಬೇಕು. ಇದ್ಯಾವುದನ್ನೂ ಮಾಡದೆ ಇಸಿಯು ಬದಲಿಸಿ ಎನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಇಸಿಯು ನಿಜಕ್ಕೂ ಕೆಡುವುದುಂಟು, ಉದಾಹರಣೆಗೆ ನೀರು ನುಗ್ಗಿದಾಗ. ಆಗಲೂ ಗುಜರಿಯದನ್ನು ಸುಮ್ನೆ ಸಿಕ್ಕಿಸಿದರೆ ಆಗದು. ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಇಸಿಯು ಜೊತೆ ಕೀ ಗುರುತು ಹೊಂದದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ತಕ್ಷಣ ಆಫ್ ಆಗುತ್ತದೆ. ಪಾರ್ಟ್ ನಂಬರ್ ಹೊಂದಬೇಕು, ಕೀ ವಿವರ ಪ್ರೋಗ್ರಾಮ್ ಆಗಬೇಕು. ಕೆಟ್ಟ ಇಸಿಯುನ ಬೋರ್ಡನ್ನೇ ರಿಪೇರಿ ಮಾಡುವವರೂ ಇದ್ದಾರೆ. ರಿಪೇರಿಯಾದರೆ ಸಾಮಾನ್ಯವಾಗಿ ಹಳೇ ಡೇಟಾ ಹಾಗೇ ಉಳಿಯುತ್ತದೆ.